ಕೈಯಲ್ಲಿ ಐದು ಸಾವಿರ, ಕಣ್ಣು ಫ್ಯೂಚರ್ಸ್ ಮೇಲೆ: ಹುಡುಗರು ಎಲ್ಲಿಂದ ಶುರು ಮಾಡಬೇಕು?

"ಅಣ್ಣಾ, ಐದು ಸಾವಿರ ಇದೆ. ನಿಫ್ಟಿ ಫ್ಯೂಚರ್ಸ್ ಮಾಡಬಹುದಾ?"

ಮೊತ್ತ ಮಾತ್ರ ಬೇರೆ ಬೇರೆ, ಪ್ರಶ್ನೆ ಇದೇ. ನಿಫ್ಟಿ ಅಂದರೆ ಐವತ್ತು ದೊಡ್ಡ ಕಂಪನಿಗಳ ಷೇರುಗಳ ಸೂಚ್ಯಂಕ, ಫ್ಯೂಚರ್ಸ್ ಅಂದರೆ ಇಂದು ಗೊತ್ತು ಮಾಡಿದ ಬೆಲೆಗೆ ಮುಂದಿನ ತಾರೀಖಿಗೆ ಕೊಳ್ಳುವ ಅಥವಾ ಮಾರುವ ಕರಾರು. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಪಿ.ಜಿ.ಗಳಲ್ಲಿರುವ ಬಿ.ಕಾಂ. ಹುಡುಗರು ಕೇಳುತ್ತಾರೆ, ಮಂಡ್ಯದ ನೂರಡಿ ರಸ್ತೆಯ ಟೀ ಅಂಗಡಿ ಮುಂದೆ ನಿಂತ ಡಿಪ್ಲೊಮಾ ಹುಡುಗರೂ ಕೇಳುತ್ತಾರೆ. ಆಗುವುದಿಲ್ಲ ಅನ್ನುವುದು ಉತ್ತರ. ಬೇಡ ಅಂತ ಬುದ್ಧಿ ಹೇಳುತ್ತಿಲ್ಲ, ಲೆಕ್ಕವೇ ಕೂಡಿಬರುವುದಿಲ್ಲ. ಆಮೇಲೆ ಬರುವ "ಹಾಗಾದ್ರೆ ಇನ್ನೇನು ಮಾಡ್ಲಿ?" ಅನ್ನುವ ಪ್ರಶ್ನೆಗೆ ಮಾತ್ರ ಐದಾರು ಉತ್ತರಗಳಿವೆ. ಯಾವುದು ಯಾರಿಗೆ ಹೊಂದುತ್ತದೆ ಅಂತ ನೋಡೋಣ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಕಾನೂನು ಮತ್ತು ವಯಸ್ಸು. ಎರಡನೆಯದು, ಒಂದು ಸಲ ತಪ್ಪಿದರೆ ಎಷ್ಟು ರೂಪಾಯಿ ಹೋಗುತ್ತದೆ ಅನ್ನುವುದು. ಮೂರನೆಯದು ಖರ್ಚು: ಬ್ರೋಕರೇಜ್ (ಬ್ರೋಕರ್ ಪಡೆಯುವ ಶುಲ್ಕ), ಎಸ್‌ಟಿಟಿ (ಷೇರು ವ್ಯವಹಾರದ ತೆರಿಗೆ), ಜಿಎಸ್‌ಟಿ ಎಲ್ಲ ಕಳೆದ ಮೇಲೆ ಏನು ಉಳಿಯುತ್ತದೆ? ನಾಲ್ಕನೆಯದು ಸಮಯ, ಅಂದರೆ ಕಾಲೇಜಿನ ಗಂಟೆಗೂ ಮಾರುಕಟ್ಟೆಯ ಗಂಟೆಗೂ ಹೊಂದುತ್ತದೆಯೇ ಅನ್ನುವುದು.

ನನ್ನ ಮಟ್ಟಿಗೆ ಇವುಗಳಲ್ಲಿ ಎರಡನೆಯದೇ ದೊಡ್ಡದು. ಹೊಸಬ ತಪ್ಪುವುದು ಖಂಡಿತ, ಅದರ ಬಗ್ಗೆ ಚರ್ಚೆ ಬೇಡ. ಐವತ್ತು ಸಲ ತಪ್ಪಿದರೂ ಖಾತೆಯಲ್ಲಿ ದುಡ್ಡು ಉಳಿದಿರುತ್ತದೆಯೋ ಅಥವಾ ಮೂರೇ ಸಲಕ್ಕೆ ಮುಗಿಯುತ್ತದೆಯೋ ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಜಾಣತನಕ್ಕಿಂತ ಹೆಚ್ಚಾಗಿ ಲಾಟಿನ ಗಾತ್ರ, ಅಂದರೆ ಒಂದು ಸಲಕ್ಕೆ ಕೊಳ್ಳಲೇಬೇಕಾದ ಕನಿಷ್ಠ ಕಟ್ಟು.

ಅಂಕಿಗಳನ್ನೂ ಒಮ್ಮೆ ನೋಡಿಬಿಡಿ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಮುಂದೆ ಒಂದು ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ. 93 ಮಂದಿ ನಷ್ಟ ಮಾಡಿಕೊಂಡರು. ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಬರೀ ಶೇ. 1. ಈ ಆಟದಲ್ಲಿದ್ದ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ ಶೇ. 43ಕ್ಕೆ ಏರಿತು. ನೂರರಲ್ಲಿ 72ಕ್ಕೂ ಹೆಚ್ಚು ಮಂದಿ ದೇಶದ ದೊಡ್ಡ 30 ನಗರಗಳ ಹೊರಗಿನವರು, ಅಂದರೆ ಮಂಡ್ಯದಂಥ ಊರುಗಳವರು.

ವಯಸ್ಸಿನ ವಿಷಯ

ಹದಿನೆಂಟು ತುಂಬದವರ ಜೊತೆ ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಫ್ಯೂಚರ್ಸ್ ಹೆಸರೇ ಕರಾರು. ಹಾಗಾಗಿ ಅಪ್ರಾಪ್ತರ ಡಿಮ್ಯಾಟ್ ಖಾತೆಯನ್ನು (ಷೇರು ಇಡುವ ಖಾತೆ) ಅಪ್ಪನೋ ಅಮ್ಮನೋ ಪೋಷಕರಾಗಿ ತೆರೆದು ನಡೆಸಬಹುದಾದರೂ ಅದರಲ್ಲಿ ಇಂಟ್ರಾಡೇಯೂ (ಅದೇ ದಿನ ಕೊಂಡು ಮಾರುವುದು) ಇಲ್ಲ, ಫ್ಯೂಚರ್ಸ್ ಆಪ್ಷನ್ಸೂ ಇಲ್ಲ.

"ಅಪ್ಪನ ಲಾಗಿನ್ ಇದೆಯಲ್ಲ" ಅನ್ನುವವರು ಬಹಳ. ಆ ಖಾತೆಯ ನಷ್ಟ, ತೆರಿಗೆ, ನೋಟಿಸು ಎಲ್ಲ ಅಪ್ಪನ ಹೆಸರಿಗೇ ಬರುತ್ತದೆ. ಅಪ್ಪ ಸರ್ಕಾರಿ ನೌಕರರಾಗಿದ್ದರೆ ಇನ್ನೂ ತೊಡಕು, ಏಕೆಂದರೆ ಷೇರುಗಳಲ್ಲಿ ಪದೇ ಪದೇ ಸಟ್ಟಾ ಆಡುವುದಕ್ಕೆ ಸೇವಾ ನಿಯಮಗಳು ಅಡ್ಡ ಬರುತ್ತವೆ. ಅಪ್ಪನಿಗೆ ಹೇಳದೆ ಓಟಿಪಿ ತೆಗೆದುಕೊಂಡು ಮಾಡುವವರ ಬಗ್ಗೆ ನಾನು ಹೇಳುವುದೇನೂ ಇಲ್ಲ, ಹೇಳುವುದನ್ನು ಮನೆಯಲ್ಲೇ ಹೇಳುತ್ತಾರೆ.

ಹದಿನೆಂಟಾದರೂ ಫ್ಯೂಚರ್ಸ್ ವಿಭಾಗ ತಾನಾಗಿ ತೆರೆಯುವುದಿಲ್ಲ. ಬ್ರೋಕರ್ ಆದಾಯದ ದಾಖಲೆ ಕೇಳುತ್ತಾರೆ: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ ಅಥವಾ ಸಂಬಳದ ಚೀಟಿ. ಮನೆಯವರ ದುಡ್ಡನ್ನು ಖಾತೆಯಲ್ಲಿ ಒಮ್ಮೆ ಸುತ್ತಿಸಿ ಸ್ಟೇಟ್‌ಮೆಂಟ್ ತೋರಿಸುವವರಿದ್ದಾರೆ. ಆದಾಯವೇ ಇಲ್ಲದವರಿಗೆ ಇದು ಬೇಡ ಅಂತ ಆ ಷರತ್ತು ಇಟ್ಟಿದ್ದಾರೆ. ಅದನ್ನು ದಾಟುವ ಉಪಾಯ ಹುಡುಕುವ ಮುಂಚೆ ಯಾಕೆ ಇಟ್ಟರು ಅಂತ ಒಂದು ನಿಮಿಷ ಯೋಚಿಸಿದರೆ ಒಳ್ಳೆಯದು.

ನಿಫ್ಟಿ ಫ್ಯೂಚರ್ಸ್

ತೆಂಗಿನ ತೋಟದ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟು ಮುಂಗಡ ಈಸಿಕೊಳ್ಳುತ್ತೇವಲ್ಲ, ಅಲ್ಲಿ ಕೈ ಬದಲಾಗುವುದು ಸ್ವಲ್ಪ ದುಡ್ಡಾದರೂ ಮಾತುಕತೆ ಇಡೀ ಫಸಲಿಗೆ. ಮಾರ್ಜಿನ್ ಅಂದರೆ ಆ ಮುಂಗಡ. ಲಾಭ ನಷ್ಟದ ಲೆಕ್ಕ ನಡೆಯುವುದು ಇಡೀ ಕರಾರಿನ ಮೇಲೆ.

ಆ ಕರಾರು ಎಷ್ಟು ದೊಡ್ಡದು? 2024ರ ನವೆಂಬರ್ 20ರ ನಂತರ ಬಂದ ಸೂಚ್ಯಂಕ ಕರಾರುಗಳ ಮೌಲ್ಯ ಕನಿಷ್ಠ 15 ಲಕ್ಷ ಇರಬೇಕು ಅಂತ ಸೆಬಿ ನಿಯಮ ಮಾಡಿತು. ನಿಫ್ಟಿ ಲಾಟ್ 25ರಿಂದ 75ಕ್ಕೆ ಏರಿ, 2026ರ ಆರಂಭದಿಂದ 65ಕ್ಕೆ ಬಂದು ನಿಂತಿದೆ. ಲೆಕ್ಕಕ್ಕೆ ನಿಫ್ಟಿ 25,000 ಅಂತ ಇಟ್ಟುಕೊಳ್ಳಿ. 65ರಿಂದ ಗುಣಿಸಿದರೆ 16,25,000. ಮಾರ್ಜಿನ್ ಶೇ. 12ರ ಆಸುಪಾಸು ಅಂದರೂ ಎರಡು ಲಕ್ಷದ ಹತ್ತಿರ. ಹಿಂದೆ ಇಂಟ್ರಾಡೇಗೆ ಬ್ರೋಕರ್‌ಗಳು ಅದರಲ್ಲೂ ಕಾಲು ಭಾಗಕ್ಕೆ ಬಿಡುತ್ತಿದ್ದರು. 2021ರ ಸೆಪ್ಟೆಂಬರ್‌ನಿಂದ ಪೂರ್ತಿ ಮಾರ್ಜಿನ್ ಮೊದಲೇ ಇಡಬೇಕು. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ "ಕಡಿಮೆ ದುಡ್ಡಲ್ಲೂ ಆಗುತ್ತಂತೆ" ಅನ್ನುವವರು ವಿಡಿಯೊ ಹಾಕಿದ ತಾರೀಖು ನೋಡಿಕೊಳ್ಳಿ.

ಈಗ ಒಂದು ತಪ್ಪಿನ ಬೆಲೆ. ನಿಫ್ಟಿ 20 ಪಾಯಿಂಟ್ ಅಲುಗುವುದು ನಿಮಿಷಗಳ ಮಾತು, ಅದಕ್ಕೆ 1,300 ರೂಪಾಯಿ. ಶೇ. 1 ಎದುರು ಹೋದರೆ 16,250.

ಖರ್ಚು ಕೇಳಿದರೆ ಇನ್ನೂ ಬೇಸರವಾಗುತ್ತದೆ. ಫ್ಯೂಚರ್ಸ್ ಮಾರುವಾಗ ಬೀಳುವ ಎಸ್‌ಟಿಟಿ 2024ರ ಅಕ್ಟೋಬರ್‌ನಲ್ಲಿ ಶೇ. 0.0125ರಿಂದ 0.02ಕ್ಕೆ ಏರಿತ್ತು. 2026ರ ಬಜೆಟ್ ಅದನ್ನು ಶೇ. 0.05ಕ್ಕೆ ಏರಿಸಿತು. ಮೇಲಿನ ಕರಾರಿಗೆ ಇದೊಂದೇ 812 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ, ಬ್ರೋಕರೇಜ್, ಜಿಎಸ್‌ಟಿ ಸೇರಿಸಿದರೆ ಒಂದು ಸಲ ಕೊಂಡು ಮಾರಿದ್ದಕ್ಕೆ 950ರ ಆಸುಪಾಸು. ನಿಮ್ಮ ಕಡೆಗೆ 15 ಪಾಯಿಂಟ್ ಬಂದ ಮೇಲೆಯೇ ನಿಮ್ಮ ಮೊದಲ ರೂಪಾಯಿ. ದಿನಕ್ಕೆ ಎರಡರಂತೆ ತಿಂಗಳಿಗೆ ನಲವತ್ತು ಟ್ರೇಡ್ ಮಾಡಿದರೆ ಖರ್ಚೇ 38,000. ಮೈಸೂರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಎಷ್ಟೋ ಹುಡುಗರ ಸಂಬಳ ಅಷ್ಟಿರುವುದಿಲ್ಲ.

ಒಂದೊಂದೇ ಕಂಪನಿಯ ಫ್ಯೂಚರ್ಸ್ ಕೂಡ ಲಕ್ಷಗಳ ವ್ಯವಹಾರವೇ. ಜೊತೆಗೆ ಎಕ್ಸ್‌ಪೈರಿಯವರೆಗೆ (ಕರಾರು ಮುಗಿಯುವ ದಿನದವರೆಗೆ) ಇಟ್ಟುಕೊಂಡರೆ ಷೇರುಗಳನ್ನೇ ಕೊಡುವ, ತೆಗೆದುಕೊಳ್ಳುವ ಹೊಣೆ ಬರುತ್ತದೆ. ಸಣ್ಣ ದುಡ್ಡಿನವರು ಈ ಎರಡನ್ನೂ ಇಲ್ಲಿಗೇ ಬಿಟ್ಟುಬಿಡಬಹುದು.

ಆಪ್ಷನ್ ಕೊಳ್ಳುವುದು

ಫ್ಯೂಚರ್ಸ್‌ಗೆ ದುಡ್ಡು ಸಾಲದ ಹುಡುಗರು ನೇರವಾಗಿ ಬಂದು ಬೀಳುವುದು ಇಲ್ಲಿಗೆ. ಆಪ್ಷನ್ನಿನ ಹಕ್ಕಿಗೆ ಕೊಡುವ ಬೆಲೆಯೇ ಪ್ರೀಮಿಯಂ. ಅದು 40 ರೂಪಾಯಿಯಾದರೆ ಒಂದು ಲಾಟಿಗೆ 2,600. ಐದು ಸಾವಿರದವನಿಗೂ ಕೈಗೆಟುಕುತ್ತದೆ. ಕೊಂಡವನ ನಷ್ಟ ಪ್ರೀಮಿಯಂ ದಾಟುವುದಿಲ್ಲ ಅನ್ನುವುದೂ ನಿಜ.

ಆದರೆ ಆ ಪ್ರೀಮಿಯಂ ಪೂರ್ತಿ ಹೋಗುವುದು ಅಪರೂಪವಲ್ಲ. ನಿಫ್ಟಿಯ ವಾರದ ಎಕ್ಸ್‌ಪೈರಿ ಈಗ ಮಂಗಳವಾರ. ಅಷ್ಟರೊಳಗೆ ಮಾರುಕಟ್ಟೆ ನೀವಂದುಕೊಂಡ ದಿಕ್ಕಿಗೆ ಹೋದರೆ ಸಾಲದು, ನೀವಂದುಕೊಂಡಷ್ಟು ದೂರ, ನೀವಂದುಕೊಂಡಷ್ಟು ಬೇಗ ಹೋಗಬೇಕು. ಸುಮ್ಮನೆ ನಿಂತರೂ ಪ್ರೀಮಿಯಂ ಕರಗುತ್ತಿರುತ್ತದೆ. ದಿಕ್ಕು ಸರಿ ಇದ್ದೂ ದುಡ್ಡು ಹೋಯಿತು ಅಂತ ಹುಡುಗರು ಗೊಣಗುವುದು ಇದಕ್ಕೇ. ಐದು ಸಾವಿರದಲ್ಲಿ 2,600ರ ಟ್ರೇಡ್ ಅಂದರೆ ಅರ್ಧ ಬಂಡವಾಳ ಒಂದೇ ಊಹೆಯ ಮೇಲೆ. ಎರಡು ತಪ್ಪು, ಖಾತೆ ಖಾಲಿ. ಪಟ್ಟಿಯಲ್ಲಿ ಸುಲಭವಾಗಿ ಒಳಗೆ ಬಿಡುವುದು ಇದು, ಐದು ಸಾವಿರದವನನ್ನು ಬೇಗ ಹೊರಗೆ ಹಾಕುವುದೂ ಇದೇ. ಆಪ್ಷನ್ ಬರೆದು ಮಾರುವುದಂತೂ ಫ್ಯೂಚರ್ಸ್‌ನಷ್ಟೇ ಮಾರ್ಜಿನ್ ಕೇಳುತ್ತದೆ, ಅದರ ಮಾತು ಬೇಡ.

ಷೇರಿನಲ್ಲೇ ಇಂಟ್ರಾಡೇ

ಹುಡುಗರು ಇದನ್ನು ಸಪ್ಪೆ ಅನ್ನುತ್ತಾರೆ. ನನಗೆ ಕಾಣುವ ಗುಣ ಒಂದೇ, ಆದರೆ ದೊಡ್ಡದು: ಇಲ್ಲಿ ಲಾಟ್ ಇಲ್ಲ. 500 ರೂಪಾಯಿಯ ಒಂದೇ ಒಂದು ಷೇರು ಕೊಂಡು ಮಧ್ಯಾಹ್ನ ಮಾರಬಹುದು. ಶೇ. 1 ತಪ್ಪಿದರೆ ಐದು ರೂಪಾಯಿ. ಸ್ಟಾಪ್‌ಲಾಸ್ (ಇಷ್ಟು ನಷ್ಟವಾದರೆ ಹೊರಬರಲು ಮೊದಲೇ ಇಡುವ ಬೆಲೆ) ಹಾಕುವುದು, ಅದನ್ನು ಕೆಳಗೆ ಸರಿಸಬೇಕೆನ್ನುವ ಆಸೆ ತಡೆದುಕೊಳ್ಳುವುದು, ಕಾಂಟ್ರಾಕ್ಟ್ ನೋಟ್ (ಬ್ರೋಕರ್ ಕಳಿಸುವ ಬಿಲ್ಲು) ಓದುವುದು, ಇವೆಲ್ಲ ಐದು ರೂಪಾಯಿಗೂ ಕಲಿಯಬಹುದು, ಐದು ಸಾವಿರಕ್ಕೂ ಕಲಿಯಬಹುದು.

ಐದು ಪಟ್ಟಿನವರೆಗೆ ಲಿವರೇಜ್ ಸಿಗುತ್ತದೆ, ಐದು ಸಾವಿರಕ್ಕೆ 25,000ದ ಷೇರು. ಸಿಗುತ್ತದೆ ಅಂತ ತೆಗೆದುಕೊಳ್ಳಬೇಕಾಗಿಲ್ಲ. ಎಸ್‌ಟಿಟಿ ಮಾರುವಾಗ ಶೇ. 0.025. ಬ್ರೋಕರೇಜ್‌ನಲ್ಲಿ ಹುಷಾರಾಗಿರಿ. ಆರ್ಡರ್‌ಗೆ ಇಷ್ಟು ಅಂತ ನಿಗದಿ ದರ ಹಾಕುವ ಕಡೆ ಒಂದು ಷೇರಿನ ಟ್ರೇಡ್ ನಷ್ಟದ ಬಾಬ್ತು. ಮೌಲ್ಯದ ಮೇಲೆ ಶೇಕಡಾವಾರು ಹಾಕಿ, 20 ರೂಪಾಯಿಯನ್ನು ಗರಿಷ್ಠ ಮಿತಿಯಾಗಿ ಇಟ್ಟವರ ಹತ್ತಿರ ಖಾತೆ ತೆರೆದರೆ ಪೈಸೆಗಳಲ್ಲಿ ಮುಗಿಯುತ್ತದೆ. ಮೂರು ಗಂಟೆಯ ಮೇಲೆ ಕೊಂಡದ್ದನ್ನು ಮಾರದೆ ಬಿಟ್ಟರೆ ಬ್ರೋಕರೇ ಅದನ್ನು ಮಾರಿ (ಇದಕ್ಕೆ ಸ್ಕ್ವೇರ್ ಆಫ್ ಅನ್ನುತ್ತಾರೆ) ಅದಕ್ಕೊಂದು ದಂಡ ಹಾಕುತ್ತಾರೆ, ಅದನ್ನೂ ವಿಚಾರಿಸಿ.

ಇಲ್ಲೇನೂ ಎಲ್ಲರೂ ಗೆಲ್ಲುತ್ತಾರೆ ಅಂತಲ್ಲ. 2023ರ ಹಣಕಾಸು ವರ್ಷದಲ್ಲಿ ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಮಂದಿ ನಷ್ಟ ಮಾಡಿಕೊಂಡರು, 30ರೊಳಗಿನವರಲ್ಲಿ ಶೇ. 76. ಇದೂ ಸೆಬಿಯದೇ ಲೆಕ್ಕ. ಇದರ ಅಡ್ಡಿಯೆಂದರೆ ಸಮಯ. ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30. ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮೊಬೈಲ್ ಹಿಡಿದು ಮಾಡಿದರೆ ಪಾಠವೂ ಇಲ್ಲ, ಟ್ರೇಡೂ ಇಲ್ಲ.

ಸಂಜೆಯ ಮಾರುಕಟ್ಟೆ: ಎಂಸಿಎಕ್ಸ್‌ನ ಸಣ್ಣ ಕರಾರುಗಳು

"ನನಗೆ ಫ್ಯೂಚರ್ಸೇ ಬೇಕು" ಅನ್ನುವವರಿಗೆ ಅಸಲಿ ದಾರಿ ಇರುವುದು ಇಲ್ಲಿ, ಆದರೆ ಯೂಟ್ಯೂಬಿನಲ್ಲಿ ಇದರ ಮಾತು ಕಡಿಮೆ. ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್ ರಾತ್ರಿ 11:30ರವರೆಗೆ, ಚಳಿಗಾಲದಲ್ಲಿ 11:55ರವರೆಗೆ ತೆರೆದಿರುತ್ತದೆ. ಕಾಲೇಜು ಮುಗಿಸಿ, ಊಟ ಮಾಡಿ ಕೂರಬಹುದು.

ಇಲ್ಲಿ ಗೋಲ್ಡ್ ಪೆಟಲ್ ಅಂತ ಒಂದಿದೆ, ಒಂದು ಲಾಟ್ ಅಂದರೆ 1 ಗ್ರಾಂ ಚಿನ್ನ. ಗೋಲ್ಡ್ ಗಿನಿ 8 ಗ್ರಾಂ, ಗೋಲ್ಡ್ ಮಿನಿ 100 ಗ್ರಾಂ. ಗ್ರಾಂಗೆ 12,000 ಅಂತ ಹಿಡಿದರೆ ಪೆಟಲ್‌ನಲ್ಲಿ ಶೇ. 1ರ ತಪ್ಪಿಗೆ 120 ರೂಪಾಯಿ, ಮಿನಿಯಲ್ಲಿ ಅದೇ ತಪ್ಪಿಗೆ 12,000. ಹೆಸರಲ್ಲಿ ಮಿನಿ ಇದೆ ಅಂತ ಮೋಸಹೋಗಬೇಡಿ. ಪೆಟಲ್‌ನ ಮಾರ್ಜಿನ್ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ. ನಿಜವಾದ ಫ್ಯೂಚರ್ಸ್ ಹೇಗೆ ನಡೆಯುತ್ತದೆ, ದಿನದ ಕೊನೆಗೆ ಲಾಭ ನಷ್ಟ ಖಾತೆಗೆ ಹೇಗೆ ಜಮಾ ಖರ್ಚಾಗುತ್ತದೆ, ಮಾರ್ಜಿನ್ ಕೊರತೆಯ ಸಂದೇಶ ಬಂದರೆ ಏನಾಗುತ್ತದೆ ಅಂತ ಇಷ್ಟು ಅಗ್ಗದಲ್ಲಿ ತೋರಿಸುವ ಕರಾರು ಬೇರೆ ನನಗೆ ಕಂಡಿಲ್ಲ. ಇಲ್ಲೂ ಬ್ರೋಕರೇಜ್ ಶೇಕಡಾವಾರು ಇದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ತಿಂಗಳ ಕೊನೆಯ ಎಕ್ಸ್‌ಪೈರಿಯ ಹತ್ತಿರ ಇದರಲ್ಲಿ ಇರಬೇಡಿ. ಇದು ಚಿನ್ನವನ್ನೇ ಕೊಡುವ ಕರಾರು.

ಬೆಳ್ಳಿಯ ಸಿಲ್ವರ್ ಮೈಕ್ರೋ ಅಂದರೆ 1 ಕಿಲೋ. ಬೆಳ್ಳಿಯ ಬೆಲೆ ಈಗಿರುವ ಎತ್ತರದಲ್ಲಿ ಅದನ್ನು ಸಣ್ಣದು ಅನ್ನಲಾಗದು.

ಕ್ರೂಡ್ ಆಯಿಲ್ ಮಿನಿ 10 ಬ್ಯಾರಲ್. ಬೆಲೆ ಬ್ಯಾರಲ್‌ಗೆ ಒಂದು ರೂಪಾಯಿ ಅಲುಗಿದರೆ ನಿಮಗೆ ಹತ್ತು. ಕೇಳಲು ಚೆನ್ನಾಗಿದೆ. ಆದರೆ ಪ್ರತಿ ಬುಧವಾರ ರಾತ್ರಿ ಅಮೆರಿಕದ ತೈಲ ದಾಸ್ತಾನಿನ ವರದಿ ಬಂದಾಗ ಬೆಲೆ ಮೆಟ್ಟಿಲು ಹತ್ತಿ ಇಳಿಯುವುದಿಲ್ಲ, ನೆಗೆಯುತ್ತದೆ. ಸ್ಟಾಪ್‌ಲಾಸ್ ಇಟ್ಟ ಬೆಲೆಯಲ್ಲೇ ಹೊರಬರುತ್ತೀರಿ ಅಂತ ಯಾರೂ ಭರವಸೆ ಕೊಡುವುದಿಲ್ಲ. ಅದಕ್ಕೆ 2020ರ ಏಪ್ರಿಲ್ 20 ನೆನಪಿಡಿ. ಲಾಕ್‌ಡೌನ್ ಕಾರಣಕ್ಕೆ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಇಲ್ಲಿ ಬಾಗಿಲು ಹಾಕಿದ ಮೇಲೆ ಅಮೆರಿಕದಲ್ಲಿ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗಿಳಿಯಿತು. ಇಲ್ಲಿನ ಕರಾರನ್ನು ಬ್ಯಾರಲ್‌ಗೆ ಮೈನಸ್ 2,884 ರೂಪಾಯಿಯಂತೆ ಚುಕ್ತಾ ಮಾಡಿದರು. ಆಗ ಲಾಟ್ 100 ಬ್ಯಾರಲ್. ಬಿಟ್ಟಿಯಾಗಿ ಕೊಂಡಿದ್ದವನೂ ಲಾಟಿಗೆ 2,88,400 ಕಟ್ಟಬೇಕಿತ್ತು. "ಇನ್ನೆಷ್ಟು ಕೆಳಗೆ ಹೋದೀತು" ಅಂತ ಕೊಂಡವರಿಗೆ ಮಾರುಕಟ್ಟೆ ಕೊಟ್ಟ ಉತ್ತರ ಅದು. ಹೊಸಬರಿಗೆ ಕ್ರೂಡ್ ಬೇಡ.

ಡಾಲರ್ ಆಸೆ

ಅಮೆರಿಕದ ಹುಡುಗರು ಮೈಕ್ರೋ ಇ-ಮಿನಿ ಮಾಡುವ ವಿಡಿಯೊಗಳು ಆಕರ್ಷಕ. ಎಸ್ ಅಂಡ್ ಪಿ 500 ಸೂಚ್ಯಂಕದ ಆ ಕರಾರಿನಲ್ಲಿ ಒಂದು ಪಾಯಿಂಟಿಗೆ 5 ಡಾಲರ್. ಅಲ್ಲಿನವರಿಗೆ ಅದು ಕಾನೂನುಬದ್ಧ, ನಮಗಲ್ಲ. ವಿದೇಶಿ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಕಟ್ಟಲು ಇಲ್ಲಿಂದ ಹಣ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿಲ್ಲ. ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಉಲ್ಲಂಘಿಸಿದರೆ ಮೊತ್ತದ ಮೂರು ಪಟ್ಟಿನವರೆಗೂ ದಂಡ ಬೀಳಬಹುದು. ಯುಪಿಐನಲ್ಲಿ ದುಡ್ಡು ಪಡೆದು ಫಾರೆಕ್ಸ್ (ವಿದೇಶಿ ಹಣದ ವ್ಯಾಪಾರ) ಆಡಿಸುವ ಆ್ಯಪ್‌ಗಳೂ ಇದೇ ಜಾತಿ. ಅಂಥವುಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ.

"ನಮ್ಮ ಪರೀಕ್ಷೆ ಪಾಸಾದರೆ ನಮ್ಮ ದುಡ್ಡಲ್ಲಿ ಟ್ರೇಡ್ ಮಾಡು" ಅನ್ನುವ ವಿದೇಶಿ ಸಂಸ್ಥೆಗಳು ಇನ್ನೊಂದು ಬಗೆ. ಶುಲ್ಕ ಕಟ್ಟಿ, ಗುರಿ ಮುಟ್ಟದಿದ್ದರೆ ಮತ್ತೆ ಕಟ್ಟಿ. ತಕರಾರು ಬಂದರೆ ದೂರು ಕೊಡಲು ಇಲ್ಲಿ ಯಾರೂ ಇಲ್ಲ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಿಸಿ ತಮ್ಮದೇ ಆ್ಯಪ್ ಹಾಕಿಸುವವರು ನೇರ ಕಳ್ಳರು. ಆ್ಯಪಿನಲ್ಲಿ ಲಾಭ ಏರುತ್ತಿರುತ್ತದೆ, ಹಿಂಪಡೆಯಲು ಹೋದಾಗ "ತೆರಿಗೆ ಕಟ್ಟಿ" ಅನ್ನುತ್ತಾರೆ. ಸಿಕ್ಕಿಬಿದ್ದಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೂ ದುಡ್ಡು ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.

ನೋಟ್‌ಬುಕ್ ಟ್ರೇಡಿಂಗ್

ದುಡ್ಡಿಲ್ಲದೆ ಅಭ್ಯಾಸ ಮಾಡುವುದು. ಬಹುಮಾನ ಕೊಡುವ, ಶುಲ್ಕ ಪಡೆಯುವ ವರ್ಚುವಲ್ ಟ್ರೇಡಿಂಗ್ ಆಟಗಳಿಂದ ದೂರವಿರಿ ಅಂತ 2024ರ ನವೆಂಬರ್‌ನಲ್ಲಿ ಸೆಬಿಯೇ ಎಚ್ಚರಿಸಿದೆ. ನೂರು ಪುಟದ ನೋಟ್‌ಬುಕ್ ಸಾಕು. ಒಳಗೆ ಹೋಗುವ ಬೆಲೆ, ಸ್ಟಾಪ್‌ಲಾಸ್, ಕಾರಣ ಇವನ್ನು ಮೊದಲೇ ಬರೆಯಿರಿ. ಆಮೇಲೆ ಬರೆದದ್ದು ಲೆಕ್ಕಕ್ಕಿಲ್ಲ. ಪ್ರತಿ ಟ್ರೇಡಿಗೂ ನಿಜವಾದ ಖರ್ಚು ಕಳೆಯಿರಿ. ಇದರಲ್ಲಿ ಭಯ ಇರುವುದಿಲ್ಲ, ಅದು ಇದರ ಕೊರತೆ. ಆದರೆ ಕಾಗದದ ಮೇಲೇ ಸೋಲುತ್ತಿರುವವನು ದುಡ್ಡು ಹಾಕಿದ ಮೇಲೆ ಗೆಲ್ಲುವುದಿಲ್ಲ ಅನ್ನುವಷ್ಟನ್ನಂತೂ ಪುಕ್ಕಟೆಯಾಗಿ ಹೇಳುತ್ತದೆ.

ಇಪ್ಪತ್ತು ಮೂವತ್ತು ಸಾವಿರದ ಕೋರ್ಸ್‌ಗಳ ಬಗ್ಗೆಯೂ ಕೇಳುತ್ತಾರೆ. ಬರೀ ಪಾಠ ಹೇಳುವವರು ಮೂರು ತಿಂಗಳ ಹಿಂದಿನ ಬೆಲೆಗಳನ್ನಷ್ಟೇ ಬಳಸಬೇಕು ಅಂತ ಸೆಬಿ 2025ರ ಜನವರಿಯ ಸುತ್ತೋಲೆಯಲ್ಲಿ ಹೇಳಿತ್ತು. ಲೈವ್ ಮಾರುಕಟ್ಟೆಯಲ್ಲಿ "ಈಗ ತಗೋ" ಅಂತ ಹೇಳಿಕೊಡುವ ಮೇಷ್ಟ್ರು ಯಾವ ನೋಂದಣಿಯಲ್ಲಿ ಹೇಳುತ್ತಿದ್ದಾರೆ ಅಂತ ಕೇಳಿ ನೋಡಿ. ಸೆಬಿಯದೇ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂ ನಡೆಸುವ ಸೆಬಿ ಹೂಡಿಕೆದಾರರ ಪ್ರಮಾಣೀಕರಣ ಪರೀಕ್ಷೆ ಪುಕ್ಕಟೆ. ಅದರ ಈಕ್ವಿಟಿ ಡೆರಿವೇಟಿವ್ಸ್ (ಷೇರುಗಳ ಫ್ಯೂಚರ್ಸ್, ಆಪ್ಷನ್ಸ್) ಪರೀಕ್ಷೆಗೆ ಶುಲ್ಕವಿದ್ದರೂ ಬ್ರೋಕರ್ ಕಚೇರಿಯ ಡೀಲರ್ ಕೆಲಸಕ್ಕೆ ಆ ಸರ್ಟಿಫಿಕೇಟ್ ನಿಜವಾಗಿ ಬೇಕಾಗುತ್ತದೆ.

ಯಾರಿಗೆ ಯಾವುದು

ಐದು ಸಾವಿರ ಇರುವ ಹದಿನೆಂಟು ತುಂಬಿದವರು ನೋಟ್‌ಬುಕ್‌ನಿಂದ ಶುರು ಮಾಡಿ ಒಂದೊಂದು ಷೇರಿನ ಇಂಟ್ರಾಡೇಗೆ ಬನ್ನಿ, ಅದೂ ಕಾಲೇಜಿಗೆ ರಜೆ ಇದ್ದು ಮಾರುಕಟ್ಟೆ ತೆರೆದಿರುವ ದಿನಗಳಲ್ಲಿ. ಲಿವರೇಜ್ ಬೇಡ. ಆಪ್ಷನ್ ಕಡೆ ಕೈ ಹೋದರೆ, ಆ 2,600ರಲ್ಲಿ ಒಂದು ಷೇರಿನ ಟ್ರೇಡ್ ಎಷ್ಟು ಸಲ ತಪ್ಪಬಹುದು ಅಂತ ಭಾಗಿಸಿ ನೋಡಿ.

ಇಪ್ಪತ್ತು ಇಪ್ಪತ್ತೈದು ಸಾವಿರ ಇದ್ದು, ಸಂಜೆ ಬಿಡುವಿದ್ದು, ಪಾರ್ಟ್‌ಟೈಮ್ ಕೆಲಸದ ಆದಾಯವೂ ಇದ್ದರೆ ಗೋಲ್ಡ್ ಪೆಟಲ್ ಒಂದೇ ಲಾಟ್. ಉಳಿದದ್ದು ಬ್ಯಾಂಕಿನಲ್ಲೇ ಇರಲಿ, ಟ್ರೇಡಿಂಗ್ ಖಾತೆಗೆ ಪೂರ್ತಿ ಹಾಕಿದರೆ ಕೈ ಸುಮ್ಮನಿರುವುದಿಲ್ಲ. ಕಾಲೇಜು ಫೀಸು, ಲೋನ್ ಆ್ಯಪ್, ಅಮ್ಮನ ಬಳೆಯ ಮೇಲಿನ ಸಾಲ ಇವು ಯಾವುದೂ ಬಂಡವಾಳವಲ್ಲ.

ಮನೆಯವರೇ ಎರಡು ಮೂರು ಲಕ್ಷ ಕೊಡುತ್ತೇವೆ ಅಂದಿದ್ದರೂ ನಿಫ್ಟಿ ಫ್ಯೂಚರ್ಸ್‌ಗೆ ನಾನು ಹೂಂ ಅನ್ನುವುದಿಲ್ಲ. ಎರಡು ಲಕ್ಷ ಮಾರ್ಜಿನ್‌ಗೇ ಹೋದರೆ ನಷ್ಟ ತಡೆದುಕೊಳ್ಳಲು ಉಳಿಯುವುದೆಷ್ಟು? ಆ ದುಡ್ಡಿನ ಬಹುಪಾಲನ್ನು ಸೂಚ್ಯಂಕದ ಇಟಿಎಫ್‌ನಲ್ಲಿ (ಷೇರಿನಂತೆ ಕೊಳ್ಳಬಹುದಾದ ಫಂಡ್) ಇಟ್ಟು, ಇಪ್ಪತ್ತೈದು ಸಾವಿರದವನ ದಾರಿಯಲ್ಲೇ ಒಂದು ವರ್ಷ ನಡೆಯಿರಿ.

ಯಾವುದನ್ನೇ ಆರಿಸಿಕೊಂಡರೂ ತೆರಿಗೆಯ ಕಾಗದ ಪತ್ರ ತಪ್ಪುವುದಿಲ್ಲ. ಫ್ಯೂಚರ್ಸ್ ಆದಾಯ ವ್ಯಾಪಾರದ ಆದಾಯ, ಇಂಟ್ರಾಡೇಯದು ಸಟ್ಟಾ ವ್ಯಾಪಾರದ ಆದಾಯ, ಎರಡಕ್ಕೂ ಸಾಮಾನ್ಯವಾಗಿ ಐಟಿಆರ್-3 ಅನ್ನುವ ರಿಟರ್ನ್ ನಮೂನೆ. ಗಡುವಿನೊಳಗೆ ಸಲ್ಲಿಸಿದರೆ ಮೊದಲನೆಯದರ ನಷ್ಟವನ್ನು 8 ವರ್ಷ, ಎರಡನೆಯದನ್ನು 4 ವರ್ಷ ಮುಂದಕ್ಕೆ ಒಯ್ಯಬಹುದು.

ಇನ್ನು ಹದಿನೇಳರವರು. ನಿಮಗಿರುವುದು ನೋಟ್‌ಬುಕ್, ಜೊತೆಗೆ ಪೋಷಕರ ಮೂಲಕ ಡೆಲಿವರಿ ಷೇರು (ಕೊಂಡು ಖಾತೆಯಲ್ಲೇ ಇಟ್ಟುಕೊಳ್ಳುವುದು) ಅಥವಾ ಮ್ಯೂಚುವಲ್ ಫಂಡ್. ಹದಿನೆಂಟು ತುಂಬಿದ ಕೂಡಲೇ ಪ್ಯಾನ್ ಕಾರ್ಡಿಗೆ ಫೋಟೊ, ಸಹಿ ಸೇರಿಸಿ ಹೊಸದು ಮಾಡಿಸಿ, ಬ್ಯಾಂಕ್ ಖಾತೆಯನ್ನು ಅಪ್ರಾಪ್ತರದ್ದರಿಂದ ನಿಮ್ಮದಕ್ಕೆ ಬದಲಿಸಿ, ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿ. ಈ ಮೂರೂ ಆಗದೆ ಬ್ರೋಕರ್ ಹತ್ತಿರ ಆನ್‌ಲೈನಿನಲ್ಲಿ ಖಾತೆ ತೆರೆಯುವುದು ಕಷ್ಟ. ಒಂದೆರಡು ವಾರ ಹಿಡಿಯುವ ಕೆಲಸ, ಪರೀಕ್ಷೆಯ ತಿಂಗಳಲ್ಲಿ ಇಟ್ಟುಕೊಳ್ಳಬೇಡಿ.